ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ: ಆಡಳಿತ ಮತ್ತು ಉತ್ತರದಾಯಿತ್ವ

ರಾಜ್ಯದಲ್ಲಿ ವಿದ್ಯುತ್ ದರ ನಿಗದಿಪಡಿಸುವ, ಪರವಾನಗಿ ನೀಡುವ ಅರೆನ್ಯಾಯಿಕ ಸಂಸ್ಥೆ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯ (ಕೆಇಬಿ) ಕಾಲದಲ್ಲಿ ದರ ಏರಿಕೆ ಎಂದರೆ ರಾಜಕೀಯ ತೀರ್ಮಾನವೇ; ಅದನ್ನು ಮಂತ್ರಿಗಳ ಕೈಯಿಂದ ಬಿಡಿಸಲೆಂದು 1999ರ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆಯಡಿ ಆಯೋಗ ಹುಟ್ಟಿತು.

2003ರ ಕೇಂದ್ರ ವಿದ್ಯುಚ್ಛಕ್ತಿ ಕಾಯ್ದೆಯಂತೆ ಅಧ್ಯಕ್ಷ, ಸದಸ್ಯರ ಅವಧಿ 5 ವರ್ಷ, ವಯೋಮಿತಿ 65. ಅದೇ ಹುದ್ದೆಗೆ ಮರುನೇಮಕವಿಲ್ಲ. ಆಯ್ಕೆ ಸಮಿತಿ ಪ್ರತಿ ಹುದ್ದೆಗೆ ಎರಡು ಹೆಸರು ಸೂಚಿಸುತ್ತದೆ, ಆರಿಸುವುದು ಸರ್ಕಾರ. ಸಮಿತಿಯಲ್ಲಿ ಮುಖ್ಯ ಕಾರ್ಯದರ್ಶಿಯೂ ಇರುವುದರಿಂದ ನಿವೃತ್ತ ಅಧಿಕಾರಿಗಳ ಆಶ್ರಯತಾಣವೆಂಬ ಟೀಕೆ ಇಂತಹ ಆಯೋಗಗಳಿಗೆ ತಪ್ಪಿದ್ದಲ್ಲ. ಕಾನೂನು ಕ್ಷೇತ್ರದ ಸದಸ್ಯರೊಬ್ಬರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು.

ಉತ್ತರದಾಯಿತ್ವ ಕಣ್ಣಿಗೆ ಕಾಣುವುದು ದರ ಪರಿಷ್ಕರಣೆಯ ಬಹಿರಂಗ ವಿಚಾರಣೆಯಲ್ಲಿ. ವಿದ್ಯುತ್ ಸರಬರಾಜು ಕಂಪನಿಯ (ಎಸ್ಕಾಂ) ಅರ್ಜಿ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಪಂಪ್‌ಸೆಟ್ ರೈತರು, ಸಣ್ಣ ಕೈಗಾರಿಕೆಯವರು ಅಧಿಕಾರಿಗಳ ಎದುರೇ ಲೆಕ್ಕ ಕೇಳುತ್ತಾರೆ. ಆದರೆ ನೂರಾರು ಪುಟಗಳ ಅರ್ಜಿಯನ್ನು ಜಾಲಾಡುವಷ್ಟು ತಜ್ಞಬಲ ಸಾಮಾನ್ಯ ಗ್ರಾಹಕನಿಗೆಲ್ಲಿ? ಗ್ರಾಹಕರ ಪರ ವಾದಿಸುವ ಪ್ರತಿನಿಧಿಯನ್ನು ನೇಮಿಸಲು 2003ರ ಕಾಯ್ದೆಯ 94ನೇ ಕಲಂ ಆಯೋಗಕ್ಕೆ ಅವಕಾಶ ಕೊಟ್ಟಿದೆ.

ದರ ನಿಗದಿ ಆಯೋಗದ್ದಾದರೂ, ಅದೇ ಕಾಯ್ದೆಯ 108ನೇ ಕಲಂ ಸಾರ್ವಜನಿಕ ಹಿತದ ನೀತಿ ವಿಷಯಗಳಲ್ಲಿ ಆಯೋಗಕ್ಕೆ ನಿರ್ದೇಶನ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಉಳಿಸಿದೆ. ಸಹಾಯಧನ ಘೋಷಿಸಿದರೆ ಹಣ ಮುಂಗಡವಾಗಿ ಕೊಡಬೇಕೆಂಬುದು 65ನೇ ಕಲಮಿನ ಷರತ್ತು. ವಿತರಣಾ ಕಂಪನಿಗಳಿಗೆ ದರದ ಮೂಲಕ ಸಿಗಬೇಕಾದ ಬಾಕಿಯನ್ನು ಮುಂದಿನ ವರ್ಷಗಳಿಗೆ ದೂಡುವ ಆಯೋಗಗಳ ರೂಢಿಯನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಖಂಡಿಸಿ, ಹಳೆಯ ಬಾಕಿ ತೀರಿಸಲು ಗರಿಷ್ಠ 7 ವರ್ಷ ಕೊಟ್ಟಿತು. ಆಯೋಗದ ಆದೇಶ ಒಪ್ಪದವರು ವಿದ್ಯುಚ್ಛಕ್ತಿ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ವಾರ್ಷಿಕ ವರದಿಯನ್ನು ವಿಧಾನಮಂಡಲದಲ್ಲಿ ಮಂಡಿಸುವುದು ಕಡ್ಡಾಯ.