ವಾಲಿದ ಗೋಪುರ, ಉಳಿಸಿದ ವಿರಾಮ

ಹಳೆಯ ಗೋಪುರಗಳು ವಾಲುವುದಕ್ಕೆ ಕಾರಣ ಬಹುಮಟ್ಟಿಗೆ ನೆಲದಲ್ಲಿರುತ್ತದೆ. ಇಟಲಿಯ ಪೀಸಾ ನಗರದ ಗಂಟೆಗೋಪುರ ಇದಕ್ಕೆ ಪ್ರಸಿದ್ಧ ನಿದರ್ಶನ. 1173ರಲ್ಲಿ ಆರಂಭವಾದ ಈ ಕಟ್ಟಡದ ತಳಪಾಯದ ಆಳ ಸುಮಾರು 3 ಮೀಟರ್ ಮಾತ್ರ. ಅದರಡಿ ಇರುವುದು ಮೆತ್ತನೆಯ ಜೇಡಿ ಮತ್ತು ಮರಳು. ಭಾರ ಬಿದ್ದಾಗ ಜೇಡಿಯೊಳಗಿನ ನೀರು ಮೆಲ್ಲನೆ ಹೊರಸರಿದು ಮಣ್ಣು ಕುಗ್ಗುತ್ತದೆ. ಒಂದು ಪಾರ್ಶ್ವ ಹೆಚ್ಚು ಕುಗ್ಗಿದರೆ ಗೋಪುರ ವಾಲುತ್ತದೆ. ವಾಲಿದಷ್ಟೂ ಆ ಪಾರ್ಶ್ವಕ್ಕೇ ಭಾರ ಹೆಚ್ಚುತ್ತದೆ.

ಹಾಗಿದ್ದರೂ ಪೀಸಾದ ಗೋಪುರ ಎಂಟು ಶತಮಾನಗಳ ಕಾಲ ಉಳಿದದ್ದು ಹೇಗೆ? 1178ರ ವೇಳೆಗೆ ನಿಂತ ಕೆಲಸ ಸುಮಾರು ಒಂದು ಶತಮಾನ ಹಾಗೆಯೇ ಉಳಿಯಿತು. ನೆರೆಯ ನಗರಗಳೊಡನೆ ಪೀಸಾ ಕಾದಾಡುತ್ತಿದ್ದ ಕಾಲವದು. ಆ ಅವಧಿಯಲ್ಲಿ ಮಣ್ಣು ಬಿಗಿಯಿತು. ವಿರಾಮವಿಲ್ಲದೆ ಕಟ್ಟಿದ್ದರೆ ಗೋಪುರ ಅಂದೇ ಉರುಳುತ್ತಿತ್ತೆಂಬುದು ತಜ್ಞರ ಅಭಿಪ್ರಾಯ. 1272ರಲ್ಲಿ ಕೆಲಸ ಮುಂದುವರಿಸಿದವರು ಮೇಲಿನ ಅಂತಸ್ತುಗಳನ್ನು ವಾಲಿದ ಕಡೆ ತುಸು ಎತ್ತರವಾಗಿ ಕಟ್ಟಿದರು. ಆದ್ದರಿಂದ ಗೋಪುರ ವಾಲಿರುವುದರ ಜೊತೆಗೆ ಸ್ವಲ್ಪ ಬಾಗಿಯೂ ಇದೆ. ಹಸ್ತಪ್ರತಿಯಲ್ಲಿ ಲಿಪಿಕಾರನ ತಿದ್ದುಪಡಿಗಳನ್ನು ಓದುವಂತೆ ಈ ಬಾಗನ್ನು ಓದಬಹುದು.

1990ರಲ್ಲಿ ವಾಲುವಿಕೆ ಸುಮಾರು 5.5 ಡಿಗ್ರಿಯಷ್ಟಿದ್ದಾಗ ಗೋಪುರಕ್ಕೆ ಪ್ರವೇಶ ನಿಷೇಧಿಸಲಾಯಿತು. ತಜ್ಞರು ಎತ್ತರವಾಗಿದ್ದ ಉತ್ತರ ಪಾರ್ಶ್ವದ ಅಡಿಯಿಂದ ಸ್ವಲ್ಪಸ್ವಲ್ಪವಾಗಿ ಮಣ್ಣು ತೆಗೆದು, ತುದಿಯನ್ನು ಸುಮಾರು 45 ಸೆಂಟಿಮೀಟರ್ ಹಿಂದಕ್ಕೆ ತಂದರು. 2001ರಲ್ಲಿ ಬಾಗಿಲು ಮತ್ತೆ ತೆರೆಯಿತು. ಅವರು ಗೋಪುರವನ್ನು ನೆಟ್ಟಗೆ ಮಾಡಹೋಗಲಿಲ್ಲ. ಅಪಾಯವನ್ನಷ್ಟೇ ತಗ್ಗಿಸಿ, ಕಾಲದ ಗುರುತನ್ನು ಉಳಿಸಿದರು. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೂ ಸಲ್ಲುವ ವಿವೇಕವಿದು.