ಕಾಲು ಎಂಬ ಮಾತು

ದಿನಸಿ ಅಂಗಡಿಯ ಮುಂದೆ ನಿಂತು ‘ಕಾಲು ಕೆಜಿ ತೊಗರಿಬೇಳೆ ಕೊಡಿ’ ಎಂದು ಕೇಳಿದರೆ, ಇನ್ನೂ ತಕ್ಕಡಿಯನ್ನೇ ನೆಚ್ಚಿಕೊಂಡಿರುವ ವ್ಯಾಪಾರಿಯು ಒಂದು ತಟ್ಟೆಗೆ 200 ಗ್ರಾಮಿನ ಬಟ್ಟನ್ನಿಟ್ಟು, ಅದರ ಪಕ್ಕದಲ್ಲಿಯೇ 50 ಗ್ರಾಮಿನ ಇನ್ನೊಂದನ್ನು ಸೇರಿಸುತ್ತಾನೆ. 250 ಗ್ರಾಮಿನ ಒಂಟಿ ಬಟ್ಟು ಅವನಲ್ಲಿ ಇರುವುದಿಲ್ಲ. ಏಕೆಂದರೆ ನಮ್ಮ ದೇಶದ ಶಾಸನಬದ್ಧ ತೂಕಗಳೆಲ್ಲವೂ ಒಂದು, ಎರಡು, ಐದು ಎಂಬ ಕ್ರಮದಲ್ಲಿ ಹತ್ತು ಹತ್ತು ಪಟ್ಟು ಏರುತ್ತ ಹೋಗುವಂಥವು, ಆ ಶ್ರೇಣಿಯಲ್ಲಿ ಕಾಲಿಗೆ ಸ್ಥಾನವಿಲ್ಲ. ಜನರ ಬಾಯಲ್ಲಿ ದಿನವೂ ಬರುವ ತೂಕವೊಂದು ಕಬ್ಬಿಣದಲ್ಲಿ ಎರಕಗೊಳ್ಳದೆ, ಕೇವಲ ಮಾತಿನ ಬಲದಿಂದಲೇ ಇಷ್ಟು ಕಾಲ ಬದುಕಿರುವುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ಕಾಲೆಂದರೆ ನಡೆಯುವ ಕಾಲೂ ಹೌದು, ನಾಲ್ಕರಲ್ಲೊಂದು ಪಾಲೂ ಹೌದು. ಸಂಸ್ಕೃತದ ‘ಪಾದ’ ಶಬ್ದಕ್ಕೂ ಈ ಎರಡು ಅರ್ಥಗಳುಂಟು. ಶ್ಲೋಕದ ಚತುರ್ಥಾಂಶವನ್ನು ಪಾದವೆಂದು ಕರೆಯುವುದೂ, ಆ ಶಬ್ದವೇ ಪ್ರಾಕೃತದ ಮೂಲಕ ಸವೆದು ‘ಪಾವು’ ಆಗಿ ನಮ್ಮ ಅಡುಗೆಮನೆಯ ಅಳತೆಯ ಪಾತ್ರೆಗೆ ಹೆಸರಾದುದೂ ಈ ಕಾರಣದಿಂದಲೇ. ಉತ್ತರ ಕರ್ನಾಟಕದ ಸಂತೆಗಳಲ್ಲಿ ‘ಪಾವ್ ಕಿಲೋ’ ಎಂದು ಕೇಳುವವರೂ ಮೈಸೂರಿನ ಕಡೆ ‘ಕಾಲು ಕೆಜಿ’ ಎಂದು ಕೇಳುವವರೂ ನಾಲ್ಕು ಕಾಲಿನ ಪ್ರಾಣಿಯ ಒಂದೊಂದು ಕಾಲನ್ನೇ ಹಿಡಿದು ಮಾತನಾಡುತ್ತಿರುವರೆನ್ನಬೇಕು.

ಅರೆ, ಕಾಲು, ಅರೆಕಾಲು, ವೀಸ ಎಂದು ಇಬ್ಭಾಗ ಮಾಡುತ್ತ ಇಳಿಯುವ ಈ ಗಣನೆಗೆ ಹದಿನಾರು ಎಂಬ ಸಂಖ್ಯೆಯು ಅತ್ಯಂತ ಅನುಕೂಲವಾದುದಾಗಿತ್ತು. ರೂಪಾಯಿಗೆ 16 ಆಣೆ, ಪಕ್ಕಾ ಸೇರಿಗೆ 16 ಚಟಾಕು. ಎಷ್ಟು ಸಲ ಮುರಿದರೂ ವೀಸದವರೆಗೆ ಉಳಿಕೆಯೆಂಬುದೇ ಇಲ್ಲ. ಚಂದ್ರನ ಹದಿನಾರು ಕಲೆಗಳನ್ನು ಹೆಸರಿಸುವ ‘ಕಲಾ’ ಶಬ್ದವು ಅದೇ ಹದಿನಾರನೆಯ ಪಾಲನ್ನು ಸೂಚಿಸಿ, ಕನ್ನಡನಾಡಿನಲ್ಲಿ ಅಮೋಘವರ್ಷನ ಕಾಲದಲ್ಲಿ ಬಾಳಿದ ಮಹಾವೀರಾಚಾರ್ಯನ ಗಣಿತಗ್ರಂಥದಲ್ಲಿ ಭಿನ್ನರಾಶಿಗಳ ಪ್ರಕರಣಕ್ಕೆ ‘ಕಲಾಸವರ್ಣ’ ಎಂಬ ಹೆಸರಿನೊಳಗೆ ಸೇರಿಕೊಂಡಿದೆ.

1956ರ ಶಾಸನದಂತೆ ದಶಮಾಂಶದ ತೂಕಗಳು 1958ರ ಅಕ್ಟೋಬರಿನಿಂದ ಹಂತಹಂತವಾಗಿ ಪ್ರವೇಶಿಸಿ, 1962ರ ಏಪ್ರಿಲಿನ ಹೊತ್ತಿಗೆ ದೇಶದಲ್ಲೆಲ್ಲ ಕಡ್ಡಾಯವಾದಾಗ, ಹದಿನಾರರ ಆಶ್ರಯವು ತಪ್ಪಿಹೋಯಿತು. ಹತ್ತನ್ನು ಒಮ್ಮೆ ಮುರಿದರೆ ಐದು, ಮತ್ತೊಮ್ಮೆ ಮುರಿಯಲು ಹೊರಟರೆ ಎರಡೂವರೆ. ಹತ್ತರ ಮನೆಯಲ್ಲಿ ಕಾಲು ನೆಟ್ಟಗೆ ನಿಲ್ಲಲಾರದು. ನಾಣ್ಯದಲ್ಲಿ ಆದುದು ಹೀಗೆಯೇ: 25 ಪೈಸೆಯು ‘ನಾಲ್ಕಾಣೆ’ ಎಂಬ ಹಳೆಯ ಹೆಸರನ್ನು ಹೊತ್ತು ಕೆಲವು ದಶಕ ನಡೆದು, 2011ರ ಜೂನ್ ಕೊನೆಗೆ ಚಲಾವಣೆಯಿಂದಲೇ ಮರೆಯಾಯಿತು. ತೂಕದಲ್ಲಿ ಮಾತ್ರ ಕಾಲು ಉಳಿದುಕೊಂಡುದಕ್ಕೆ ಕಾರಣವು ಕಿಲೋಗ್ರಾಮಿನಲ್ಲಿ ಸಾವಿರ ಗ್ರಾಮುಗಳಿರುವುದು. ಸಾವಿರವನ್ನು ಮೂರು ಬಾರಿ ಶೇಷವಿಲ್ಲದೆ ಇಬ್ಭಾಗಿಸಬಹುದು: ಅರೆ ಎಂದರೆ 500, ಕಾಲು ಎಂದರೆ 250, ಅರೆಕಾಲು ಎಂದರೆ 125. ನಾಲ್ಕನೆಯ ಸಲ 62.5 ಗ್ರಾಮಿಗೆ ಬಂದು ನಿಲ್ಲುತ್ತೇವೆ. ವೀಸವು ತೂಕದ ಭಾಷೆಯಿಂದ ಅಳಿದುಹೋದುದಕ್ಕೆ ಈ ಅರ್ಧ ಗ್ರಾಮೂ ಒಂದು ಕಾರಣವಾಗಿರಬೇಕೆಂದು ನನ್ನ ಊಹೆ.

ಬೆಲೆಯ ಲೆಕ್ಕದಲ್ಲಿ ಈ ಮಾತಿನ ಉಪಕಾರವು ಇನ್ನೂ ದೊಡ್ಡದು. ಬೇಳೆಯ ಧಾರಣೆ ಕೆಜಿಗೆ 168 ರೂಪಾಯಿ ಎಂದಿಟ್ಟುಕೊಂಡರೆ, 0.250ರಿಂದ ಗುಣಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಅರ್ಧ 84, ಅದರರ್ಧ 42, ಮುಕ್ಕಾಲು ಬೇಕಾದರೆ 168ರಲ್ಲಿ 42 ಕಳೆದು 126. ಕೂಲಿಮಠಗಳಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ರಾಗವಾಗಿ ಬಾಯಿಪಾಠ ಮಾಡಿಸುತ್ತಿದ್ದುದರ ಪ್ರಯೋಜನ ಇದೇ. ಅದನ್ನು ಶಾಲೆಯಿಂದ ಪೂರ್ತಿಯಾಗಿ ಹೊರಗಟ್ಟಿದುದು ಉಚಿತವಾಗಲಿಲ್ಲವೆಂದೇ ನಾನು ಭಾವಿಸುತ್ತೇನೆ.

ಪಾವಿನ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಹಳೆಯ ಮೈಸೂರು ಸೀಮೆಯಲ್ಲಿ ನಾಲ್ಕು ಪಾವಿಗೆ ಒಂದು ಸೇರು. ಆದರೆ ಅದು ಗಾತ್ರದ ಅಳತೆಯಾದುದರಿಂದ ಪಾವು ಅಕ್ಕಿಯೂ ಪಾವು ಅವಲಕ್ಕಿಯೂ ತೂಕದಲ್ಲಿ ಸಮನಾಗಲಾರವು.

ದಶಮಾಂಶ ಬಿಂದುವು ತರುವ ತೊಡಕಾದರೋ ಇದಕ್ಕಿಂತ ಗಂಭೀರವಾದುದು. 2.25 ಕೆಜಿ ಎಂದು ಬರೆದುದನ್ನು ಎರಡು ಕೆಜಿ ಇಪ್ಪತ್ತೈದು ಗ್ರಾಂ ಎಂದು ಓದುವವರು ವಿದ್ಯಾವಂತರಲ್ಲಿಯೂ ಇದ್ದಾರೆ. ಇಪ್ಪತ್ತೈದು ಗ್ರಾಮನ್ನು ಸೂಚಿಸಬೇಕಾದರೆ 2.025 ಎಂದು ನಡುವೆ ಸೊನ್ನೆಯನ್ನಿಡಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ. ನವಜಾತ ಶಿಶುವಿನ ತೂಕವು 2,500 ಗ್ರಾಮಿಗಿಂತ ಕಡಿಮೆಯಾದರೆ ವೈದ್ಯರು ಅದನ್ನು ಕಡಿಮೆ ತೂಕದ ಮಗುವೆಂದು ಗಣಿಸಿ ವಿಶೇಷ ಆರೈಕೆಗೆ ಸೂಚಿಸುತ್ತಾರೆ. ಅಂಥ ಕಡೆ 2,250, 2.25, 2.025 ಎಂಬ ಅಂಕಿಗಳ ನಡುವೆ ಕಣ್ಣು ತಪ್ಪುವುದು ಸುಲಭ. ‘ಎರಡೂಕಾಲು ಕೆಜಿ ಇದೆ ಅಮ್ಮಾ, ಎರಡೂವರೆ ಆಗಬೇಕಿತ್ತು’ ಎಂದು ದಾದಿಯೊಬ್ಬಳು ಬಾಣಂತಿಯ ತಾಯಿಗೆ ಹೇಳಿದರೆ ತಪ್ಪಾಗಿ ಕೇಳಲು ಆಸ್ಪದವೇ ಇಲ್ಲ. ಬಿಂದುವಿನ ಸ್ಥಾನವನ್ನು ಅವಲಂಬಿಸದೆ ಪರಿಮಾಣವನ್ನು ಮನಸ್ಸಿಗೆ ಮುಟ್ಟಿಸುವ ಈ ಶಕ್ತಿಯ ಸಲುವಾಗಿಯೇ ಕಾಲೆಂಬ ಮಾತು ಉಳಿಯಬೇಕೆಂದು ನಾನು ಬಯಸುತ್ತೇನೆ.

ಅಕ್ಕಿಯ ವ್ಯಾಪಾರದಲ್ಲಿಯಾದರೋ ಈ ಕಾಲಿಗೆ ಇತ್ತೀಚೆಗೆ ಒಂದು ಪಲ್ಲಟ ಒದಗಿತು. ಕ್ವಿಂಟಾಲಿನ ಕಾಲುಭಾಗವಾದ 25 ಕೆಜಿಯ ಚೀಲವು ಮನೆಮನೆಯ ರೂಢಿಯಾಗಿತ್ತು. ಚೀಲದ ಬೆಲೆಯನ್ನು ನಾಲ್ಕರಿಂದ ಗುಣಿಸಿ ಕೊನೆಯ ಎರಡು ಅಂಕಿಗಳನ್ನು ಬಿಟ್ಟರೆ ಕೆಜಿಯ ಬೆಲೆ ತಿಳಿಯುತ್ತಿತ್ತು, 1,500 ರೂಪಾಯಿಯ ಚೀಲವಾದರೆ ಕೆಜಿಗೆ 60. 2022ರ ಜುಲೈಯಲ್ಲಿ, ಚೀಟಿ ಅಂಟಿಸಿ ಕಟ್ಟಿದ 25 ಕೆಜಿಯವರೆಗಿನ ಧಾನ್ಯಕ್ಕೆ ಶೇಕಡಾ 5ರ ಜಿಎಸ್‌ಟಿ ಬಂದಮೇಲೆ, ಗಿರಣಿಯವರು ತೆರಿಗೆಯ ಮೇರೆಯನ್ನು ದಾಟುವ ಸಲುವಾಗಿ 26 ಕೆಜಿಯ ಚೀಲಗಳನ್ನು ಕಟ್ಟತೊಡಗಿದರು. ಈಗ ಚೀಲಕ್ಕೆ 1,560 ಎಂದು ಕೇಳಿದವರು ಇಪ್ಪತ್ತಾರರಿಂದ ಭಾಗಿಸಿಯೇ ಅದೇ ಅರವತ್ತನ್ನು ತಲುಪಬೇಕು. ಆ ಭಾಗಾಕಾರಕ್ಕೆ ನಮ್ಮ ಯಾವ ಮಗ್ಗಿಯಲ್ಲಿಯೂ ಸಾಲಿಲ್ಲ.