ಗಾಳದ ಗ್ರಂಥಗಳೂ ನೀರಿನ ರಕ್ಷಣೆಯೂ

ಮೀನು ಹಿಡಿಯುವ ವಿದ್ಯೆ ಎರಡು ಬಗೆಯಾದುದು. ಜೀವನೋಪಾಯಕ್ಕೆಂದು ಬಲೆ ಬೀಸುವುದು ಒಂದು. ವಿನೋದಕ್ಕೆಂದು ಗಾಳ ಹಾಕುವುದು ಮತ್ತೊಂದು. ಮೊದಲನೆಯದು ಬಹುಮಟ್ಟಿಗೆ ಬಾಯಿಂದ ಬಾಯಿಗೆ ನಡೆದುಬಂದಿತು. ಎರಡನೆಯದಕ್ಕೆ ಗ್ರಂಥಪರಂಪರೆಯುಂಟು. ತಣ್ಣೀರಿನ ಹೊಳೆಗಳಲ್ಲಿ ವಾಸಿಸುವ ಟ್ರೌಟ್ ಎಂಬ ಮೀನನ್ನು ನೂಲು ಗರಿಗಳಿಂದ ಮಾಡಿದ ಹುಸಿನೊಣವನ್ನು ತೋರಿಸಿ ಹಿಡಿಯುವ ಪದ್ಧತಿಯನ್ನು ಕುರಿತು, ವಿಶೇಷವಾಗಿ ಇಂಗ್ಲೆಂಡಿನಲ್ಲಿ, ಬೆಳೆದಿರುವ ವಾಙ್ಮಯವು ವಿಪುಲವಾದುದು. ಹೊಳೆಯನ್ನು ಕಾಯಬೇಕೆಂಬ ವಿಚಾರವು ಈ ವಾಙ್ಮಯದಲ್ಲಿ ಮೊದಲಿನಿಂದಲೂ ಇದ್ದಿತು. ಆದರೆ ಕಾಯುವುದೆಂದರೇನೆಂಬುದರ ಅರ್ಥ ಮಾತ್ರ ಕಾಲಕಾಲಕ್ಕೆ ಬದಲಾಯಿತು. ಆ ಬದಲಾವಣೆಯ ಫಲವನ್ನು ಕಾವೇರಿಯೂ ಅನುಭವಿಸಬೇಕಾಯಿತು.

ಹುಸಿನೊಣದ ಪ್ರಾಚೀನ ವರ್ಣನೆಗಳಲ್ಲಿ ಪ್ರಸಿದ್ಧವಾದುದು ಈಲಿಯನ್ ಎಂಬ ರೋಮನ್ ಗ್ರಂಥಕಾರನದು. ಕ್ರಿ. ಶ. ೨೦೦ರ ಸುಮಾರಿನಲ್ಲಿದ್ದ ಈತನು ಪ್ರಾಣಿಗಳ ಸ್ವಭಾವವನ್ನು ಕುರಿತು ಗ್ರೀಕ್ ಭಾಷೆಯಲ್ಲಿ ಬರೆದ ಗ್ರಂಥದ ೧೫ನೆಯ ಭಾಗದಲ್ಲಿ, ಮ್ಯಾಸಿಡೋನಿಯದ ಆಸ್ಟ್ರೇಯಸ್ ಎಂಬ ಹೊಳೆಯ ಚುಕ್ಕೆಮೀನುಗಳ ಮಾತು ಬರುತ್ತದೆ. ಆ ಮೀನುಗಳು ನೀರಿನ ಮೇಲೆ ಹಾರುವ ಒಂದು ನೊಣವನ್ನು ತಿನ್ನುವುವು. ಮನುಷ್ಯನ ಕೈ ಸೋಕಿದೊಡನೆ ನೊಣದ ಬಣ್ಣ ಕೆಡುವುದರಿಂದ, ಬೆಸ್ತರು ಅದನ್ನೇ ಎರೆಯಾಗಿ ಕಟ್ಟದೆ, ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಸೇರಿಸುತ್ತಿದ್ದರಂತೆ. ಹೊಳೆಯ ಜೀವಿಗಳನ್ನು ಕಣ್ಣಿಟ್ಟು ನೋಡದವನಿಗೆ ಈ ಉಪಾಯವು ಹೊಳೆಯಲಾರದು. ಈ ವಿದ್ಯೆಯ ಬೇರು ಪರಿಶೀಲನೆ.

ಪರಿಶೀಲನೆಯ ಈ ಗುಣವು ಕನ್ನಡನಾಡಿನ ರಾಜಾಸ್ಥಾನದಲ್ಲಿಯೂ ಗ್ರಂಥಸ್ಥವಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದ ವಿನೋದಭಾಗದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಮೀನುಗಳ ಜಾತಿ, ವಾಸಸ್ಥಾನ, ಅವಕ್ಕೆ ಹಿತವಾದ ಆಹಾರ, ಗಾಳದ ಸಾಧನಗಳು ಇವೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ವಿದ್ವಾಂಸರ ಗಮನಕ್ಕೆ ತಂದರು. ಅಲ್ಲಿ ಗಾಳ ಹಿಡಿಯುವವನು ದೊರೆ.

ಗಾಳ ಹಿಡಿಯುವವನಿಗೆ ವಿಧಿನಿಷೇಧಗಳನ್ನು ಹಾಕಿದ ಗ್ರಂಥವೊಂದು ೧೪೯೬ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ವಿಂಕಿನ್ ಡ ವರ್ಡ್ ಎಂಬ ಮುದ್ರಕನು ಬೇಟೆಯೇ ಮೊದಲಾದ ವಿಷಯಗಳ ಒಂದು ಸಂಪುಟದಲ್ಲಿ ಈ ಗಾಳದ ಪ್ರಬಂಧವನ್ನು ಸೇರಿಸಿದನು. ಇದರ ಕರ್ತೃತ್ವವನ್ನು ಜೂಲಿಯಾನ ಬರ್ನರ್ಸ್ ಎಂಬ ಮಹಿಳೆಗೆ ಆರೋಪಿಸುವ ವಾಡಿಕೆಯುಂಟಾದರೂ ಅದಕ್ಕೆ ದೃಢವಾದ ಆಧಾರವಿಲ್ಲ. ಆಯಾ ಮಾಸಕ್ಕೆ ತಕ್ಕಂತೆ ೧೨ ಹುಸಿನೊಣಗಳನ್ನು ಕಟ್ಟುವ ಕ್ರಮವು ಇದರಲ್ಲಿದೆ. ಇದಕ್ಕಿಂತಲೂ ಗಮನಾರ್ಹವಾದುದು ಕೊನೆಯಲ್ಲಿ ಬರುವ ಉಪದೇಶ. ಬಡವನ ಸ್ವಂತ ನೀರಿನಲ್ಲಿ ಅವನ ಅಪ್ಪಣೆಯಿಲ್ಲದೆ ಮೀನು ಹಿಡಿಯಲಾಗದು. ಪರರ ಬೇಲಿಯನ್ನು ಮುರಿಯಲಾಗದು. ತೆರೆದ ಬಾಗಿಲನ್ನು ಮುಚ್ಚದೆ ಹೋಗಲಾಗದು. ಹಣದಾಸೆಗಾಗಿ ಈ ವಿನೋದವನ್ನು ಬಳಸಲಾಗದು. ಒಂದೇ ಸಲಕ್ಕೆ ಅತಿಯಾಗಿ ಹಿಡಿಯಲಾಗದು. ಮೀನಿನ ಸಂತತಿಯನ್ನು ಪೋಷಿಸಬೇಕು. ಪ್ರಬಂಧವನ್ನು ಬಿಡಿ ಹೊತ್ತಗೆಯಾಗಿ ಅಚ್ಚು ಹಾಕದುದಕ್ಕೂ ಅಲ್ಲಿ ಕಾರಣವನ್ನು ಹೇಳಿದೆ: ಅಗ್ಗದ ಪುಸ್ತಕವು ಕೆಲಸವಿಲ್ಲದವರ ಕೈಗೆ ಸಿಕ್ಕಿದರೆ ಮಿತವರಿಯದೆ ಮೀನನ್ನು ನಾಶಮಾಡಿಯಾರೆಂಬ ಭಯ. ಈ ಮಾತಿನಲ್ಲಿ ಕುಲೀನರ ಅಭಿಮಾನವು ಇಣಿಕುತ್ತಿದೆಯೆಂಬುದು ನಿಜ. ಆದರೂ ವಿದ್ಯೆಯನ್ನು ಕಲಿಸುವ ಗ್ರಂಥವೇ ಆ ವಿದ್ಯೆಯ ದುರುಪಯೋಗಕ್ಕೆ ಅಂಜಿರುವುದು ಅಪೂರ್ವವಾದ ಸಂಗತಿ. ನಿಯಮಗಳೆಲ್ಲವೂ ಇಲ್ಲಿ ಗಾಳ ಹಿಡಿದವನನ್ನೇ ಕಟ್ಟುತ್ತವೆ.

೧೬೫೩ರಲ್ಲಿ ಐಸಾಕ್ ವಾಲ್ಟನ್ ತನ್ನ ಪ್ರಸಿದ್ಧ ಸಂವಾದಗ್ರಂಥವನ್ನು ಪ್ರಕಟಿಸಿದನು. ೧೬೭೬ರ ಆವೃತ್ತಿಗೆ ಚಾರ್ಲ್ಸ್ ಕಾಟನ್ ತಿಳಿನೀರಿನ ಟ್ರೌಟ್ ಮೀನನ್ನು ಕುರಿತ ಭಾಗವನ್ನು ಸೇರಿಸಿದನು. ೧೮೩೬ರಲ್ಲಿ ಆಲ್ಫ್ರೆಡ್ ರೊನಾಲ್ಡ್ಸ್ ನಿಜವಾದ ಕೀಟಗಳನ್ನೂ ಅವುಗಳ ಅನುಕರಣಗಳನ್ನೂ ಜೊತೆಜೊತೆಯಾಗಿ ಚಿತ್ರಿಸಿ ತೋರಿಸಿದನು. ಈ ನೊಣಗಳಲ್ಲಿ ಅನೇಕವು ಮರಿಹುಳುಗಳಾಗಿ ನೀರಿನ ತಳದ ಕಲ್ಲುಮರಳುಗಳಲ್ಲಿ ಬೆಳೆಯತಕ್ಕವು. ನೀರು ಕೆಟ್ಟರೆ ಮೊದಲು ಅಳಿಯುವವುಗಳಲ್ಲಿ ಅವೂ ಸೇರಿವೆ. ಆದುದರಿಂದ ನೊಣವನ್ನು ಅರಿತವನಿಗೆ ಹೊಳೆಯ ಆರೋಗ್ಯವೂ ತಿಳಿಯುವುದು.

ಈ ಪರಂಪರೆಯು ಆಂಗ್ಲ ಅಧಿಕಾರಿಗಳೊಡನೆ ಭಾರತಕ್ಕೂ ಬಂದಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಅಲ್ಲಿಯ ಮೀನುಸಾಕಣೆಯನ್ನು ಕುರಿತು ೧೮೭೦ರಲ್ಲಿ ವರದಿಯನ್ನು ಬರೆದನು. ಭಾರತದ ಗಾಳವಿನೋದವನ್ನು ಕುರಿತ ಅವನ ಪುಸ್ತಕವು ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ನೀರಿಗೆ ವಿಷ ಬೆರೆಸುವುದನ್ನೂ ಸಣ್ಣ ಕಣ್ಣಿನ ಬಲೆಗಳಿಂದ ಮರಿಗಳನ್ನು ಬಾಚುವುದನ್ನೂ ಆತನು ವಿರೋಧಿಸಿದನು. ೧೮೯೭ರ ಭಾರತೀಯ ಮೀನುಗಾರಿಕೆಯ ಕಾಯಿದೆಯು ವಿಷವನ್ನೂ ಸಿಡಿಮದ್ದನ್ನೂ ನಿಷೇಧಿಸಿತು. ೧೪೯೬ರಲ್ಲಿ ಆತ್ಮಸಂಯಮವಾಗಿದ್ದ ನಿಯಮವು ಇಲ್ಲಿ ಸರ್ವರಿಗೂ ವಿಧಿಸಿದ ಶಾಸನವಾಯಿತು.

ಇದರ ಜೊತೆಗೆ ಮತ್ತೊಂದು ಭಾವನೆಯೂ ಬಲವಾಯಿತು. ಹೊಳೆಯನ್ನು ಕಾಯುವುದೆಂದರೆ ಬೇಕಾದ ಮೀನನ್ನು ತಂದು ತುಂಬುವುದು ಎಂಬುದೇ ಅದು. ೧೮೯೯ರಲ್ಲಿ ಕಾಶ್ಮೀರಕ್ಕೆ ಕಳುಹಿಸಿದ ಟ್ರೌಟ್ ಮೊಟ್ಟೆಗಳು ದಾರಿಯಲ್ಲಿಯೇ ಕೆಟ್ಟುವು. ೧೯೦೦ರ ಪ್ರಯತ್ನವು ಫಲಿಸಿತು. ೨೦ನೆಯ ಶತಮಾನದ ಆದಿಯಲ್ಲಿ ನೀಲಗಿರಿಯ ತೊರೆಗಳಲ್ಲಿಯೂ ಟ್ರೌಟ್ ನೆಲೆಯೂರಿತು. ಅಂದಿನವರು ಇದನ್ನು ಉಪಕಾರವೆಂದೇ ಬಗೆದರು. ಇಂದು ಕಂದು ಟ್ರೌಟ್ ಮತ್ತು ಕಾಮನಬಿಲ್ಲಿನ ಟ್ರೌಟ್ ಎರಡೂ, ಸ್ಥಳೀಯ ಜೀವಿಗಳಿಗೆ ಅತ್ಯಂತ ಕೆಡುಕನ್ನುಂಟುಮಾಡುವ ೧೦೦ ಪರದೇಶೀಯ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿವೆ.

ಕಾವೇರಿಯ ಕಥೆಯಾದರೋ ಇನ್ನೂ ಸೂಕ್ಷ್ಮವಾದುದು. ಅಲ್ಲಿಯ ಗೂನುಬೆನ್ನಿನ ಮಹಸೀರ್ ಮೀನು ಗಾತ್ರಕ್ಕೆ ಲೋಕಪ್ರಸಿದ್ಧವಾದುದು. ೧೯೪೬ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದ ಮಹಸೀರ್ ಒಂದು ೧೨೦ ಪೌಂಡು ತೂಗಿತು. ೧೯೭೦ರ ದಶಕದಿಂದ ಮಹಸೀರ್ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದಲೇ, ಬೇರೆ ನದಿಯ ನೀಲಿರೆಕ್ಕೆಯ ಮಹಸೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಹೊಸದು ಹೆಚ್ಚಿತು, ಹಳೆಯದು ಕ್ಷೀಣಿಸಿತು. ೨೦೧೮ರಲ್ಲಿ ವಿಜ್ಞಾನಿಗಳು ಗೂನುಬೆನ್ನಿನ ಮೀನನ್ನು ‘ಟಾರ್ ರೆಮಾದೇವಿ’ ಎಂದು ಗುರುತಿಸುವ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿದ್ದಿತು. ಶತಮಾನಕ್ಕೂ ಹೆಚ್ಚುಕಾಲ ಗಾಳಕಾರರ ಕೀರ್ತಿಗೆ ಕಾರಣವಾದ ಮೀನಿಗೆ ಶಾಸ್ತ್ರೀಯವಾದ ಹೆಸರು ನಿಶ್ಚಯವಾಗುವುದಕ್ಕೆ ಮುಂಚೆಯೇ ಅದರ ಮನೆಗೆ ಬೇರೊಂದನ್ನು ಕರೆತಂದುದಾಯಿತು.

ಮ್ಯಾಸಿಡೋನಿಯದ ಬೆಸ್ತರು ನೊಣವನ್ನು ಅರಿತು ಗಾಳ ಕಟ್ಟಿದರು. ಸೋಮೇಶ್ವರನು ಮೀನುಗಳ ಜಾತಿಯನ್ನೂ ಆಹಾರವನ್ನೂ ಅರಿತು ವಿನೋದಿಸಿದನು. ೧೪೯೬ರ ಗ್ರಂಥವು ಮಿತವನ್ನು ಬೋಧಿಸಿತು. ಅರಿವು ಮಿತ ಎರಡೂ ಕೂಡಿದಾಗಲೇ ಅದು ರಕ್ಷಣೆಯೆನಿಸಿಕೊಳ್ಳುವುದು. ಅರಿವಿಲ್ಲದ ಔದಾರ್ಯವೂ ಹೊಳೆಗೆ ಹಾನಿಯನ್ನು ತರಬಲ್ಲುದೆಂಬುದಕ್ಕೆ ಕಾವೇರಿಯೇ ಸಾಕ್ಷಿ.